ಭಂಡಾರ ಬೀಳದ ಒಲೆ

ಬೀಡಿ ಎಂಬ ಊರಿನ ಮೈಲಾರಲಿಂಗನ ಮನೆಯಲ್ಲಿ ಎರಡನೆಯ ಒಲೆ ಹಾಕಿದವಳು ಅವನ ಹೆಂಡತಿ ಪ್ರಮಿಳಾ. ಮುಂದೆ ಊರವರು ಬಾಯಿಗೆ ಬಂದದ್ದು ಆಡಿದರು. ಕಂಪನಿಯವರು ಮನೆ ಒಡೆದರು ಎಂದರು ಕೆಲವರು, ನೆಗೆಣ್ಣಿ ಅನುರಾಧಾ ಒಡೆದಳು ಎಂದರು ಇನ್ನು ಕೆಲವರು. ಮಣ್ಣು ಕಲಸಿದ ಕೈ ತನ್ನದೇ ಎಂಬುದನ್ನು ಮಾತ್ರ ಪ್ರಮಿಳಾ ಯಾರ ಮುಂದೆಯೂ ಇಲ್ಲವೆನ್ನಲಿಲ್ಲ. ಮನೆ ಉಳಿಯಲಿ ಎಂದೇ ಆ ಪುಣ್ಯಾತಗಿತ್ತಿ ಅದನ್ನು ಹಾಕಿದ್ದಳು.

ಘಟ್ಟದ ಕೆಳಗೆ ಸಮುದ್ರದಲ್ಲಿ ದೊಡ್ಡ ಬಂದರು ಕಟ್ಟುವ ಸುದ್ದಿ ಎರಡು ವರ್ಷದಿಂದ ಓಡಾಡುತ್ತಿತ್ತು. ಆಳದ ನೀರಿನ ಬಂದರು, ಊರಷ್ಟು ದೊಡ್ಡ ಹಡಗು ಬಂದು ನಿಲ್ಲುವಂಥದ್ದು. ಅದಕ್ಕೆ ಅಂಟಿಕೊಂಡು ಕಾರ್ಖಾನೆಗಳ ಮುಕ್ತ ವಲಯವೂ ಬೇಕಂತೆ. ಕೆಳಗೆ ಕಾಡು, ಗುಡ್ಡ ಬಿಟ್ಟರೆ ಸಮತಟ್ಟಾದ ನೆಲ ಸಾಲದು. ಹಾಗಾಗಿ ವಲಯದ ಅರ್ಧ ಭಾಗ ಘಟ್ಟ ಹತ್ತಿ, ರೈಲು ಹತ್ತಿರವಿರುವ ಖಾನಾಪುರ ತಾಲೂಕಿಗೆ ಬಂತು. ಹುಟ್ಟಿದಾಗಿನಿಂದ ಸಮುದ್ರದ ಮುಖ ನೋಡದ ಬೀಡಿಯ ಜನ ಬಂದರಿಗೆ ಜಾಗ ಬಿಟ್ಟುಕೊಡುವವರಾದರು.

ಮೈಲಾರಲಿಂಗನದು ಕುರಿಗಾರರ ಮನೆ. ಅವನ ತಮ್ಮ ಯಲ್ಲೇಶ ಬೆಳಗಾವಿಯ ನೆಹರು ನಗರದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಇದ್ದ. ವಾರವೆಲ್ಲ ಅಲ್ಲಿಯೇ ಕೋಣೆ ಹಿಡಿದು ಇದ್ದು ಭಾನುವಾರ ಊರಿಗೆ ಬರುತ್ತಿದ್ದ. ಅಣ್ಣತಮ್ಮಂದಿರು ಎಂದೂ ಬೇರೆಯಾದವರಲ್ಲ. ಇಬ್ಬರದೂ ಒಂದೇ ಹೊಲ, ಒಂದೇ ಹಿಂಡು, ಒಂದೇ ಒಲೆ. ಮನೆಯ ಹಿರಿಯಳು ತಾಯಿ ಕಾಡವ್ವ. ಎಪ್ಪತ್ತು ದಾಟಿದರೂ ದಿನಾ ಕುರಿಯ ಹಿಂದೆ ಹೋಗುವವಳು. ಈಗ ಹೊಲದಲ್ಲಿ ಮುಕ್ಕಾಲು ಪಾಲು, ಕುರಿ ಮೇಯುವ ಗಾಯರಾಣದ ಬಯಲು ಪೂರ್ತಿ ವಲಯದ ಗೋಡೆಯೊಳಗೆ ಹೋಗುವುದಿತ್ತು.

ಸುದ್ದಿ ತಂದವನು ಪಂಚಾಯತಿ ಸದಸ್ಯ ಹಣಮಪ್ಪ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದ: "ಭೂಮಿ ಹೋದವರಿಗೆ ಪರಿಹಾರ ಅಂತೂ ಐತಿ. ಅದರ ಮ್ಯಾಲ ಒಂದ ಒಲಿಗೆ ಒಂದ ನೌಕರಿ. ಸರ್ವೇದವರು ಬಂದು ಒಲಿ ಎಣಸ್ತಾರ. ಮನಿಯಾಗ ಮಂದಿ ಎಷ್ಟ ಇದ್ರೂ ಅಷ್ಟ."

"ಮತ್ತ ಕುರಿಗೋ?" ಎಂದಳು ಕಾಡವ್ವ.

"ಕುರಿಗೇನ ಆಯಿ?"

"ಗಾಯರಾಣಕ್ಕ ಗ್ವಾಡಿ ಕಟ್ಟಿದ್ರ ಅವು ಎಲ್ಲಿ ಮೇಯಬೇಕು?"

"ಗ್ವಾಡಿ ಒಳಗ ನಮ್ಮ ಕಾಯ್ದೆ ನಡೆಯೂದಿಲ್ಲ ಆಯಿ. ಸುಂಕ ಇಲ್ಲ, ಜಕಾತಿ ಇಲ್ಲ. ಪರದೇಶ ಇದ್ದಂಗ ಅದು."

"ಹಂಗಾರ ನಮ್ಮ ಕುರಿಗೂ ಒಂದೊಂದು ಪಾಸ್‌ಪೋರ್ಟ್ ಮಾಡಿಸಿ ಕೊಡೋ ಹಣಮ್ಯಾ," ಎಂದಳು ಮುದುಕಿ. ಎಲ್ಲರೂ ನಕ್ಕರು. ಆಮೇಲೆ ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಕೆಲವೇ ಸಲ.

ಆ ಭಾನುವಾರ ಯಲ್ಲೇಶ ಊರಿಗೆ ಬಂದ. ಗಂಡಸರು ಉಣ್ಣಲು ಕೂತಿದ್ದರು. ಪ್ರಮಿಳಾ ಝುಣಕ ಬಡಿಸುತ್ತಿದ್ದಳು, ಅನುರಾಧಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅಮರ ಐಟಿಐ ಮಾಡ್ಯಾನ. ಅರ್ಜಿ ಅವನ ಹೆಸರಲೇ ಕೊಡೂಣು," ಎಂದ ಮೈಲಾರಲಿಂಗ. ಅಮರ ಅವನ ಮಗ.

ಅನುರಾಧಾಳ ಕೈ ನಿಲ್ಲಲಿಲ್ಲ. "ಮನಿಷಾನೂ ಬಿ.ಕಾಂ. ಮುಗಿಸ್ಯಾಳ್ರಿ ಭಾವ," ಎಂದಳು. ಮನಿಷಾ ಅವಳ ಮಗಳು.

"ಆಕಿ ನಾಳೆ ಲಗ್ನ ಆಗಿ ಹೋಗಾಕಿ."

"ಲಗ್ನ ಆಗೂತನಾನೂ ಉಣ್ಣಬೇಕಲ್ರಿ."

"ಇಲ್ಲಿ ಉಣ್ಣಾಕ ಯಾರ ಕಡಿಮಿ ಮಾಡ್ಯಾರ?"

ಯಲ್ಲೇಶ ತಟ್ಟೆಯಿಂದ ತಲೆ ಎತ್ತಿದ. "ಅಣ್ಣಾ, ಹೊಲ ಇಬ್ಬರದೂ ಹೊಂಟೈತಿ. ನಂದು ಗುತ್ತಿಗಿ ಕೆಲಸ, ಇವತ್ತ ಐತಿ ನಾಳೆ ಇಲ್ಲ. ನನ್ನ ಮಗಳಿಗೆ ಏನೂ ಬ್ಯಾಡೇನು?"

"ಹಂಗಾರ ನನ್ನ ಮಗಾ ಕುರಿ ಕಾಯಲೇನು? ಕುರಿ ಎಲ್ಲಿ ಉಳಿತಾವ?"

"ನಾ ಹಂಗ ಅಂದ್ನೇನು?"

"ಹಂಗ ಅಂದಿ."

ಮೈಲಾರಲಿಂಗ ತಟ್ಟೆಯನ್ನು ತಳ್ಳಿ ಎದ್ದ. ಅದು ಉರುಳಿ ಗೋಡೆಗೆ ಬಡಿಯಿತು. ಝುಣಕ ನೆಲದ ಮೇಲೆ ಚೆಲ್ಲಿತು. ಪ್ರಮಿಳಾ ಈ ಮನೆಗೆ ಬಂದ ಮೇಲೆ ತಟ್ಟೆ ಉರುಳಿದ್ದು ಅದೇ ಮೊದಲು. ಅವಳ ತವರಿನಲ್ಲಿ ಅಣ್ಣಂದಿರು ಒಂದು ಬಾವಿಗೋಸ್ಕರ ಬಡಿದಾಡಿ ಹತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ಗತಿ ಇಲ್ಲಿಗೂ ಬರಬಾರದು ಎಂದು ಅವಳು ನೆಲ ಒರೆಸುತ್ತಲೇ ಬುದ್ಧಿ ಓಡಿಸಿದಳು.

"ಒಂದ ಒಲಿಗೆ ಒಂದ ನೌಕರಿ ಅಂದ್ರ, ಎರಡ ಒಲಿ ಹಾಕೂಣು," ಎಂದಳು. "ಮರಿ ಕಟ್ಟೂ ಖೋಲಿಯಾಗ ಇನ್ನೊಂದು ಒಲಿ. ಅದು ಯಲ್ಲೇಶಪ್ಪನ ಮನಿ ಅಂತ ಹೇಳೂಣು. ಸರ್ವೇದವರು ಹೋದ ಮ್ಯಾಲ ಕೆಡವಿದ್ರಾತು."

ಎಲ್ಲರೂ ಅವಳನ್ನೇ ನೋಡಿದರು. ಮೊದಲು ನಕ್ಕವನು ಯಲ್ಲೇಶ. "ವೈನಿ, ನೀವು ಕಚೇರಿಯಾಗ ಇರಬೇಕಿತ್ತು ನೋಡ್ರಿ," ಎಂದ. ಮೈಲಾರಲಿಂಗನೂ ಮರಳಿ ಬಂದು ಕೂತ. ಅನುರಾಧಾ ಬಿಸಿ ರೊಟ್ಟಿ ತಂದು ಭಾವನ ತಟ್ಟೆಗೆ ಹಾಕಿದಳು.

ಕಾಡವ್ವ ಮಾತ್ರ ನಗಲಿಲ್ಲ. "ಕೆಂಡ ಯಾರು ಒಯ್ಯಾವ್ರು?" ಎಂದು ಕೇಳಿದಳು.

ಅವರ ಜನರಲ್ಲಿ ಒಂದು ಪದ್ಧತಿ. ಅಣ್ಣತಮ್ಮಂದಿರು ಬೇರೆಯಾಗುವ ದಿನ ಮನೆಯ ಹಿರಿ ಹೆಂಗಸು ಹಳೆ ಒಲೆಯ ಕೆಂಡವನ್ನು ಕಬ್ಬಿಣದ ಸೌಟಿನಲ್ಲಿ ಹೊಸ ಒಲೆಗೆ ಒಯ್ಯುತ್ತಾಳೆ. ದೇವರ ಜಗಲಿಯ ಮೇಲಿನ ಭಂಡಾರವನ್ನು, ಅಂದರೆ ಅರಿಸಿನದ ಪುಡಿಯನ್ನು, ಆ ಒಲೆಗೆ ಹಾಕುತ್ತಾಳೆ. ಹಾಲು ಉಕ್ಕಿಸುತ್ತಾರೆ. ಅಲ್ಲಿಗೆ ಅದು ಬೇರೆ ಮನೆ. ಭಂಡಾರ ಬಿದ್ದ ಒಲೆಯನ್ನು ಕೆಡವುವಂತಿಲ್ಲ, ಕೂಡಿಸುವಂತೆಯೂ ಇಲ್ಲ. ಕಾಡವ್ವ ತನ್ನ ಮೈದುನನಿಗೆ ಹಾಗೆ ಕೆಂಡ ಒಯ್ದು ಕೊಟ್ಟವಳು. ಆಮೇಲೆ ಆ ಎರಡು ಮನೆಯವರು ಕೂಡಿ ಉಂಡದ್ದು ಸಾವಿನ ದಿನಗಳಲ್ಲಿ ಮಾತ್ರ.

"ಭಂಡಾರ ಹಾಕಿದ್ರ ಖರೇನ ಬ್ಯಾರೆ ಆಗ್ತೀರಿ. ಹಾಕದಿದ್ರ ಅದು ಸುಳ್ಳ ಒಲಿ," ಎಂದಳು. "ಎರಡೂ ನನ್ನ ಕೈಲೆ ಆಗೂದಿಲ್ಲ."

"ನಾಟಕಕ್ಕ ಭಂಡಾರ ಯಾಕ್ರಿ ಅತ್ತಿ? ಕಡ್ಡಿ ಗೀರಿ ಹೊತ್ತಸೂಣು," ಎಂದಳು ಪ್ರಮಿಳಾ.

ಮುದುಕಿ ಎದ್ದು ಕುರಿಗಳ ಕಡೆ ಹೋದಳು. ಇನ್ನೆರಡು ಮಾತು ಆಡಿದ್ದರೆ ಚೆನ್ನಾಗಿತ್ತು.

ಮರುದಿನ ಪ್ರಮಿಳಾ, ಅನುರಾಧಾ ಇಬ್ಬರೂ ಕೆರೆಯ ಮಣ್ಣು ತಂದು ಹೊಟ್ಟು ಬೆರೆಸಿ ತುಳಿದರು. ಮರಿ ಕಟ್ಟುವ ಕೋಣೆಯ ಹಿಕ್ಕೆ ಬಳಿದು ಸಗಣಿ ಸಾರಿಸಿದರು. ಒಲೆ ಹೊಸದಾಗಿ ಕಾಣಬಾರದೆಂದು ಅಮರ ಹಳೆ ಚಕ್ಕಡಿಯ ಕೀಲೆಣ್ಣೆ ತಂದು ಸವರಿ ಮಸಿ ಹಿಡಿಸಿದ. ಮನಿಷಾ ಗೋಡೆಗೆ ಹಳೆ ಕ್ಯಾಲೆಂಡರ್ ತೂಗು ಹಾಕಿದಳು. "ದೊಡ್ಡವ್ವಾ, ಈಗ ನಮ್ಮ ಮನಿಗೆ ಚಹಾಕ್ಕ ಬರ್ರಿ," ಎಂದು ಅವಳು ಕರೆದಾಗ ಪ್ರಮಿಳಾ ನೆಂಟರಂತೆ ಸೆರಗು ಹೊದ್ದು ಹೋಗಿ ಕೂತಳು. ಅನುರಾಧಾ ನಗುತ್ತ ನಗುತ್ತ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು.

ಸರ್ವೇದವನು ಬಂದದ್ದು ಬೆಳಗಿನ ಹೊತ್ತು. ಎಳೆ ಹುಡುಗ, ಕೈಯಲ್ಲಿ ಟ್ಯಾಬ್. ಎರಡೂ ಒಲೆಯ ಚಿತ್ರ ತೆಗೆದ, ಗಡಿಗೆಗಳ ಮುಚ್ಚಳ ತೆಗೆದು ನೋಡಿದ. ಕಾಡವ್ವ ಆಗಷ್ಟೆ ಪೂಜೆ ಮುಗಿಸಿ, ಹಣೆ ತುಂಬ ಭಂಡಾರ ಬಳಿದುಕೊಂಡು ಜಗಲಿಯ ಮುಂದೆಯೇ ಕೂತಿದ್ದಳು.

"ಅಜ್ಜಿ, ನಿಮ್ಮ ಊಟ ಯಾವ ಒಲಿದು?" ಎಂದು ಅವನು ಕೇಳಿದ.

ದೇವರ ಮುಂದೆ ಅತ್ತೆ ಸುಳ್ಳು ಹೇಳುವವಳಲ್ಲ ಎಂಬುದು ಪ್ರಮಿಳಾಗೆ ಆಗ ನೆನಪಾಯಿತು. ಕಾಡವ್ವ ಬಾಗಿಲಲ್ಲಿ ನಿಂತ ಅಮರನನ್ನು ನೋಡಿದಳು, ಅವನ ಬಾಜು ನಿಂತ ಮನಿಷಾಳನ್ನು ನೋಡಿದಳು.

"ನಾ ಎರಡೂ ಒಲಿದು ಉಣ್ಣೂದಿಲ್ಲಪ್ಪಾ," ಎಂದಳು.

"ಮತ್ತ ಹೆಂಗ ಅಜ್ಜಿ?"

"ನಾ ಕುರಿ ಹಿಂದ ಇರಾಕಿ. ಅವು ಕೊಟ್ಟದ್ದು, ಮಂದಿ ಕೊಟ್ಟದ್ದು."

ಹುಡುಗ ನಗುತ್ತ ಏನೋ ಒತ್ತಿಕೊಂಡ. ಅವನು ಹೋದ ಮೇಲೆ ಅಮರ ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಆಯಿ ವಕೀಲಕಿ ಮಾಡಬೇಕಿತ್ತವಾ," ಎಂದ. ಕಾಡವ್ವ ಇಳಿಸೆಂದು ಬೆನ್ನಿಗೆ ಗುದ್ದಿದಳು. ಮನೆಯವರೆಲ್ಲ ಅವಳ ಜಾಣತನವನ್ನು ವಾರವೆಲ್ಲ ಹೇಳಿಕೊಂಡು ನಕ್ಕರು.

ಒಲೆ ಕೆಡವುವುದು ಮಾತ್ರ ಆಗಲಿಲ್ಲ. ಹಣಮಪ್ಪ ಓಡಿ ಬಂದ. "ಗಡಬಡ ಮಾಡಬ್ಯಾಡ್ರಿ. ಬೆಳಗಾವಿಯಿಂದ ದೊಡ್ಡ ಸಾಹೇಬ್ರು ಇನ್ನೊಮ್ಮೆ ನೋಡಾಕ ಬರ್ತಾರ. ಹೇಳದ ಕೇಳದ ಬರ್ತಾರ. ಅಲ್ಲೀತನ ದಿನಾ ಎರಡೂ ಒಲಿ ಹೊಗಿ ಹಾಯಬೇಕು," ಎಂದ.

ನಾಟಕ ದಿನದ ಕೆಲಸವಾಯಿತು. ಉಪ್ಪಿನ ಡಬ್ಬಿ ಎರಡಾಯಿತು, ಎಣ್ಣೆಯ ಕ್ಯಾನು ಎರಡಾಯಿತು. ಮೊದಮೊದಲು ಪಲ್ಯದ ಬಟ್ಟಲು ಅತ್ತಿಂದಿತ್ತ ಓಡಾಡಿತು. ಅಮರ ತಾಯಿಯ ರೊಟ್ಟಿ ಮುರಿದುಕೊಂಡು ಕಾಕು ಅನುರಾಧಾಳ ಕೋಣೆಗೆ ಹೋಗಿ ಅಲ್ಲಿಯ ಸಾರು ಸುರಿದುಕೊಳ್ಳುತ್ತಿದ್ದ. ಆಮೇಲೆ ಕಟ್ಟಿಗೆಯ ಮಾತು ಬಂತು.

"ಅಕ್ಕಾ, ನಿನ್ನಿ ಒಡದ ಕಟಗಿ ಎಲ್ಲಾ ನಿಮ್ಮ ಕಡೆನ ಹೋತಲ್ಲ?"

"ನೀರ ಕಾಸಿದ್ದು ಎಲ್ಲರಿಗೂ ಅಲ್ಲೇನ ಅನೂ?"

"ಹೌದ ಬಿಡು. ಕೇಳಿದೆ ಅಷ್ಟ."

ಕೇಳಿದ್ದು ಅಷ್ಟೇ. ಮರುದಿನ ಕಟ್ಟಿಗೆಯೂ ಎರಡು ಒಟ್ಟಲಾಯಿತು. ಭಾನುವಾರ ಯಲ್ಲೇಶ ಬಂದರೆ ಮೈಲಾರಲಿಂಗ ಒಬ್ಬನೇ ಉಣ್ಣಬೇಕಾಯಿತು. "ತಮ್ಮನ ಜೋಡಿ ಕೂತ ಉಂಡ್ರ ಸಾಹೇಬ ಹಿಡಿತಾನೇನು?" ಎಂದು ಅವನು ಸಿಡುಕಿದರೆ, "ಹಿಡದ್ರ ಹುಡುಗರ ನೌಕರಿನs ಹೋಗೂದು," ಎನ್ನುವಳು ಪ್ರಮಿಳಾ.

ಕಾಡವ್ವನ ಊಟ ಮೊದಲಿಂದಲೂ ಹೊತ್ತುಗೊತ್ತಿಲ್ಲದ್ದು. ಕುರಿ ಹೊಡೆದುಕೊಂಡು ಬಂದಾಗ, ಕಟ್ಟೆಯ ಮೇಲೆ, ಒಬ್ಬಳೇ. ಈಗ ಪ್ರಮಿಳಾ "ಉಣ್ಣ ಬರ್ರಿ ಅತ್ತಿ" ಎಂದರೆ "ಆತ ಬಿಡವಾ" ಎನ್ನುತ್ತಿದ್ದಳು. ಪ್ರಮಿಳಾ ಒತ್ತಾಯ ಮಾಡಲಿಲ್ಲ. ಅನುರಾಧಾ ಕಾಡವ್ವನ ಸ್ವಂತ ಅಣ್ಣನ ಮಗಳು. ತವರಿನ ಕೈಯಡಿಗೆ ರುಚಿಸದೆ ಇರುತ್ತದೆಯೇ, ಅಲ್ಲಿ ಉಣ್ಣುತ್ತಾಳೆ, ಉಣ್ಣಲಿ ಎಂದುಕೊಂಡಳು. ಇಷ್ಟು ವರ್ಷ ಅತ್ತೆಯ ಸೇವೆ ಮಾಡಿದವಳು ತಾನು, ಒಲವು ಮಾತ್ರ ಅವಳ ಮೇಲೆ, ಎಂಬ ಹಳೆಯ ಕಸಿವಿಸಿಯೂ ಸ್ವಲ್ಪ ಇತ್ತು.

ಅಷ್ಟರಲ್ಲಿ ಕಚೇರಿಗೆ ಯಾರೋ ದೂರು ಕೊಟ್ಟರು. ಮೈಲಾರಲಿಂಗನ ಮನೆಯ ಎರಡನೆಯ ಒಲೆ ಸುಳ್ಳು ಎಂದು. ಯಾರು ಎಂದು ಕೊನೆಗೂ ತಿಳಿಯಲಿಲ್ಲ. ಹಣಮಪ್ಪ ಬಂದು, "ಹಳೆ ಒಲಿ ನೌಕರಿಗೆ ಧೋಕಾ ಇಲ್ಲ. ಎರಡನೇದ್ದಕ್ಕ ಕುತ್ತು ಬಂದೈತಿ," ಎಂದು ಹೇಳಿ ಹೋದ. ಹಳೆಯ ಒಲೆ ಎಂದರೆ ಅಮರನ ನೌಕರಿ, ಎರಡನೆಯದು ಮನಿಷಾಳದು.

ಅನುರಾಧಾ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪ್ರಮಿಳಾ ನೀರು ಹಾಕಲು ಬಗ್ಗಿದಾಗ ತಂಬಿಗೆಯನ್ನು ಕಿತ್ತುಕೊಂಡಳು.

"ಬ್ಯಾಡ್ರಿ. ನಮ್ಮ ಭಾಂಡೆ ನಾವು ತೊಳಕೋತೀವಿ."

ನೆಗೆಣ್ಣಿಯ ಬಾಯಲ್ಲಿ ತನಗೆ 'ರೀ' ಬಂದದ್ದು ಪ್ರಮಿಳಾಗೆ ಕೆನ್ನೆಗೆ ಹೊಡೆದಂತಾಯಿತು. "ಏನಾತ ಅನೂ? ನಾ ದೂರು ಕೊಟ್ಟೀನಂತಿ?"

"ನಾ ಯಾರ ಹೆಸರೂ ಹೇಳಿಲ್ರಿ."

"ಒಲಿ ಹಾಕಿದಾಕಿ ನಾನು. ನಿನ್ನ ಮಗಳಿಗಂತ ಹಾಕೀನಿ."

"ಹಾಕಿದವರಿಗೆ ಕೆಡವೂದೂ ಗೊತ್ತಿರತೈತ್ರಿ. ನಿಮ್ಮ ಮಗಂದು ಗಟ್ಟಿ ಆತಲ್ಲ. ಇನ್ನ ನಮ್ಮ ಗೊಡವಿ ನಿಮಗ್ಯಾಕ?"

ಅಲ್ಲಿಗೆ ಸುಮ್ಮನಾಗಬೇಕಿತ್ತು. ಪ್ರಮಿಳಾಳ ನಾಲಗೆ ಸುಮ್ಮನಿರಲಿಲ್ಲ. "ನಿನ್ನ ಗಂಡ ಮಂದಿ ಹೇಲ ಉಚ್ಚಿ ಹಾಸಿಗಿ ಒಗದು ತಂದ ಪಗಾರದಾಗ ಈ ಮನಿ ಒಂದ ದಿನಾ ನಡದಿಲ್ಲ. ನನ್ನ ಗಂಡನ ಕುರಿ ಮ್ಯಾಲ ನಡದೈತಿ. ನೆನಪಿಟ್ಕೋ," ಎಂದುಬಿಟ್ಟಳು.

ಅನುರಾಧಾ ಪಾತ್ರೆಗಳನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು. ಎರಡೂ ಅಡುಗೆಮನೆಗಳ ನಡುವಿನ ಬಾಗಿಲಿಗೆ ಅಗಳಿ ಬಿತ್ತು. ಕಟ್ಟೆಯ ಮೇಲೆ ಕೂತಿದ್ದ ಕಾಡವ್ವ ಎಲ್ಲವನ್ನೂ ಕೇಳಿದಳು. ಭಾನುವಾರ ಯಲ್ಲೇಶನೂ ಅಣ್ಣನ ಕಡೆ ತಿರುಗಿ ನೋಡದೆ ತನ್ನ ಕೋಣೆಗೆ ನಡೆದ.

ಆ ತಿಂಗಳೇ ಗೋಡೆ ಎದ್ದಿತು. ಗಾಯರಾಣದ ಸುತ್ತ ಕಾಂಕ್ರೀಟಿನ ಹಲಗೆ ನಿಲ್ಲಿಸುತ್ತ ಹೋದರು, ಮೇಲೆ ಮುಳ್ಳುತಂತಿ. ಒಳಗೆ ಜೆಸಿಬಿಗಳು ಹಗಲೆಲ್ಲ ಗರಗರ ಅಂದವು. ಮೈಲಾರಲಿಂಗ ಕೆಲವು ದಿನ ರಸ್ತೆಯ ಬದಿಯಲ್ಲಿ ಕುರಿ ಮೇಯಿಸಿ ನೋಡಿದ. ಟಿಪ್ಪರ್ ಹಾಯ್ದು ಎರಡು ಸತ್ತ ಮೇಲೆ ಹಿಂಡನ್ನು ವ್ಯಾಪಾರಿಗೆ ಕೊಟ್ಟ. ಕಾಡವ್ವ ಮನೆಯ ಹಾಲಿಗೆಂದು ಸಾಕಿದ್ದ ಆಡುಗಳೂ ಅದೇ ಗಾಡಿ ಹತ್ತಿದವು. ಗಾಡಿ ತಿರುವು ದಾಟುವವರೆಗೂ ಆಡುಗಳು ಒದರುತ್ತಿದ್ದವು. ಮುದುಕಿ ಕಣ್ಣೀರು ಹಾಕಲಿಲ್ಲ. ಮೊಣಕಾಲು ಅಪ್ಪಿಕೊಂಡು ಎರಡೂ ಬಾಗಿಲುಗಳ ನಡುವೆ ಕಟ್ಟೆಯ ಮೇಲೆ ಕೂತಳು. ಆಮೇಲೆ ದಿನವೂ ಅಲ್ಲಿಯೇ ಕೂತಳು.

"ಆಯಿ ಭಾಳ ಸಣ್ಣ ಆಗ್ಯಾಳಬೇ," ಎಂದ ಅಮರ ಒಂದು ದಿನ ಉಣ್ಣುತ್ತ.

"ಕುರಿ ಹೋದ ಚಿಂತಿ."

"ಉಣ್ತಾಳಿಲ್ಲ?"

"ಆಕಿ ಅಣ್ಣನ ಮಗಳನ್ನ ಕೇಳು ಹೋಗು. ನಾ ಕರದ್ರ ಬರೂದಿಲ್ಲ. ಅಲ್ಲೇ ರುಚಿ ಹತ್ತೈತಿ."

ಅಮರ ಕೇಳಲು ಹೋಗಲಿಲ್ಲ. ಕಾಕು ಮಾತು ಬಿಟ್ಟ ಮೇಲೆ ಆ ಬಾಗಿಲಿಗೆ ಹೋಗಲು ಅವನಿಗೂ ಮುಖವಿರಲಿಲ್ಲ.

ದೊಡ್ಡ ಸಾಹೇಬರು ಬಂದದ್ದು ಮಧ್ಯಾಹ್ನ, ಎರಡು ಜೀಪಿನಲ್ಲಿ. ಈ ಸಲ ಯಾರೂ ನಟಿಸಬೇಕಾಗಿ ಬರಲಿಲ್ಲ. ನಡುವಿನ ಬಾಗಿಲಿನ ಅಗಳಿಗೆ ತುಕ್ಕು ಹಿಡಿದಿತ್ತು. ಸಾಹೇಬರು ಪ್ರಮಿಳಾಳನ್ನು ಕೇಳಿದರು: "ಆ ಕಡೆ ಇವತ್ತ ಏನ ಅಡಗಿ?"

"ನನಗೇನ ಗೊತ್ರಿ? ಅವರನ್ನ ಕೇಳ್ರಿ."

ಅನುರಾಧಾಳೂ ಅದನ್ನೇ ಹೇಳಿದಳು. ಅವರ ಜೊತೆ ಮಾತಿಲ್ಲರಿ ಎಂದೂ ಸೇರಿಸಿದಳು. ಸಾಹೇಬರು ಇಬ್ಬರ ಮುಖವನ್ನೂ ನೋಡಿ, "ದೂರು ಸುಳ್ಳು ಬರದಾರ. ಇವರು ಬ್ಯಾರೆನ ಇದ್ದಾರ," ಎಂದು ಜೀಪು ಹತ್ತಿದರು.

ಎರಡೂ ನೌಕರಿ ಬಂದವು. ಮನಿಷಾಗೆ ಇಲ್ಲಿಯೇ ವಲಯದ ಗೇಟಿನಲ್ಲಿ ಬಂದುಹೋಗುವ ಲಾರಿಗಳ ಲೆಕ್ಕ ಇಡುವ ಕೆಲಸ. ಅಮರನನ್ನು ಘಟ್ಟದ ಕೆಳಗೆ ಬಂದರಿಗೇ ಕಳಿಸಿದರು. ಅಲ್ಲಿಂದ ಅವನು ಫೋನು ಮಾಡಿದ. "ಅವ್ವಾ, ದಿನಾ ಗುಡ್ಡದಂಥಾ ಕಲ್ಲ ತಂದು ಸಮುದ್ರದಾಗ ಒಗಿತಾರ, ತೆರಿ ತಡಿಯಾಕ. ಒಗದದ್ದು ಎಲ್ಲಿ ಹೋತು ಅಂತ ಕಾಣೂದs ಇಲ್ಲ. ಆಯಿ ಎಲ್ಲಿ ಅದಾಳ? ಕೊಡು."

ಪ್ರಮಿಳಾ ಫೋನು ಹಿಡಿದು ಕಟ್ಟೆಗೆ ಬಂದಳು. ಕಾಡವ್ವ ಕೂತಲ್ಲಿಯೇ ಗೋಡೆಗೆ ವಾಲಿದ್ದಳು. ಬಾಯಿ ತೆರೆದಿತ್ತು. ಮೈ ಎತ್ತಿದರೆ ಒಣಗಿದ ಬಟ್ಟೆಯಷ್ಟೂ ಭಾರವಿರಲಿಲ್ಲ. ಪ್ರಮಿಳಾಳ ಕೂಗಿಗೆ ಆಚೆ ಬಾಗಿಲು ತೆರೆಯಿತು. ಅನುರಾಧಾ ಓಡಿ ಬಂದು ಕಾಲು ಹಿಡಿದಳು, ಪ್ರಮಿಳಾ ತಲೆ ಹಿಡಿದಳು.

ಖಾನಾಪುರದ ಆಸ್ಪತ್ರೆಯವರು ಬೆಳಗಾವಿಗೆ ಒಯ್ಯಲು ಹೇಳಿದರು. ಯಲ್ಲೇಶ ತಾನು ಕೆಲಸ ಮಾಡುವಲ್ಲಿಯೇ ಹಾಸಿಗೆ ಹಿಡಿದಿಟ್ಟ. ಸಲೈನು ಹಚ್ಚಿದರು, ರಕ್ತ ತೆಗೆದರು. ಸಂಜೆಯ ಮುಂದೆ ಡಾಕ್ಟರಮ್ಮ ಮನೆಯವರನ್ನು ಕರೆದಳು. ಅವಳ ದನಿಯಲ್ಲಿ ಸಿಟ್ಟಿತ್ತು.

"ಹೊಟ್ಟಿಗೆ ಏನ ಕೊಡ್ತಿದ್ರಿ ಇವರಿಗೆ? ಮೈಯಾಗ ಏನೂ ಉಳಿದಿಲ್ಲ. ಎಷ್ಟೋ ದಿನದಿಂದ ಸರಿಯಾಗಿ ಉಂಡಿಲ್ಲ ಇವರು. ಯಾರ ಕಡೆ ಊಟ ಇವರದು?"

"ಅವರ ಕಡೇ ರೀ," ಎಂದಳು ಪ್ರಮಿಳಾ.

ಅದೇ ಉಸಿರಿಗೆ ಅನುರಾಧಾ ಹೇಳಿದಳು: "ಅಕ್ಕನ ಕಡೇ ರೀ."

ಡಾಕ್ಟರಮ್ಮ ಇಬ್ಬರನ್ನೂ ನೋಡಿದಳು. ಮೈಲಾರಲಿಂಗ ಗೋಡೆಯ ಕಡೆ ತಿರುಗಿದ. ಪ್ರಮಿಳಾ ನೆಗೆಣ್ಣಿಯ ಕಡೆ ತಿರುಗಿದಳು.

"ನಿನ್ನ ಕಡೆ ಉಣ್ತಿದ್ದಿಲ್ಲೇನು?" ಎಂದು ಕೇಳಿದಳು.

"ಹಳೆ ಒಲಿ, ಹಿರೇ ಮಗಾ. ನಿನ್ನ ಕಡೆ ಉಣ್ತಾರಂತ ಮಾಡಿದ್ನಿ ಅಕ್ಕಾ. ಕರದ್ರ ಆತ ಬಿಡವಾ ಅಂತಿದ್ರು."

"ನನಗೂ ಹಂಗs ಅಂತಿದ್ರು."

ಮಾತು ಬಿಟ್ಟ ಮೇಲೆ ಇಬ್ಬರೂ ಆಡಿದ ಮೊದಲ ಮಾತು ಇದೇ. ನಡುವಿನ ಬಾಗಿಲ ಅಗಳಿ ತೆಗೆದು ಒಂದೇ ಸಲ, ಅತ್ತಿ ಉಂಡಾರೇನು ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು.

ಮರುದಿನ ಕಾಡವ್ವ ಕಣ್ಣು ಬಿಟ್ಟಳು. ಪ್ರಮಿಳಾ ಚಮಚದಲ್ಲಿ ಗಂಜಿ ಹಿಡಿದಳು. ಮುದುಕಿ ತುಟಿ ತೆರೆಯಲಿಲ್ಲ.

"ಇದು ದವಾಖಾನಿದ್ರಿ ಅತ್ತಿ. ಯಾವ ಒಲಿದೂ ಅಲ್ಲ," ಎಂದಳು ಪ್ರಮಿಳಾ ಅಳುತ್ತ. ಆಗ ಕುಡಿದಳು. ಎರಡು ಚಮಚ ಇಳಿಯಿತು, ಮೂರನೆಯದು ಹೊರಗೆ ಬಂತು.

"ಯಾಕ ಹಿಂಗ ಮಾಡಿದ್ರಿ? ಹೇಳಬಾರದಿತ್ತೇನ್ರಿ?"

"ದೇವರ ಜಗಲಿ ಮುಂದ ಅಂದಿದ್ನೆಲ್ಲವಾ, ಎರಡೂ ಒಲಿದು ಉಣ್ಣೂದಿಲ್ಲಂತ," ಎಂದಳು ಕಾಡವ್ವ. ದನಿ ಕಿವಿ ಹಚ್ಚಿದರಷ್ಟೇ ಕೇಳುವಂತಿತ್ತು. "ಹುಡುಗರ ಕೆಲಸ ಹೋಗಬಾರದು. ಅಂದದ್ದು ಸುಳ್ಳೂ ಆಗಬಾರದು. ಆಡ ಇರೂತನಾ ಅವುಗಳ ಹಾಲಿನ ಮ್ಯಾಲ ನಡೀತು."

ಆ ವಾರ ಮುಗಿಯುವುದರೊಳಗೆ ಕಾಡವ್ವ ಸತ್ತಳು. ಅಮರ ಬಂದರಿನಿಂದ ಬಂದು ಮುಟ್ಟುವಾಗ ಮಣ್ಣಾಗಿತ್ತು.

ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅಡಿಗೆ ಮಾಡಿ ತರುತ್ತಾರೆ. ನೆರೆಮನೆಯ ಬಸವಣ್ಣೆವ್ವ ರೊಟ್ಟಿ, ಬೇಳೆ ತಂದಳು. ಎರಡು ಬುಟ್ಟಿ ತಂದಿದ್ದಳು. ಒಂದನ್ನು ಪ್ರಮಿಳಾಳ ಬಾಗಿಲಲ್ಲಿ ಇಟ್ಟಳು, ಒಂದನ್ನು ಅನುರಾಧಾಳ ಬಾಗಿಲಲ್ಲಿ. ಅವಳದು ಏನೂ ತಪ್ಪಿಲ್ಲ, ಊರ ರೀತಿಗೆ ತಕ್ಕಂತೆ ನಡೆದಳು.

"ನಮ್ಮಲ್ಲಿ ಒಮ್ಮೊಮ್ಮೆ ಅರ್ಧ ರೊಟ್ಟಿ ತಿಂತಿದ್ಲವಾ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಕುರಿ ಹೋದ ಮ್ಯಾಲ ಅದೂ ಬಿಟ್ಟಳು. ಬೇಡಿ ತಿಂದಂಗ ಆಗತೈತಿ ಅಂದ್ಲು. ಮನಿಯಾಗ ಉಣ್ತಾಳಂತ ನಾನೂ ಸುಮ್ನಾದೆ."

ಮೂರನೆಯ ದಿನ ಹೂಳಿದ ಗುಂಡಿಯ ಮೇಲೆ ಎಡೆ ಇಡಬೇಕಿತ್ತು. ಅನುರಾಧಾ ಬಂದು ಏನೂ ಕೇಳದೆ ಹಳೆಯ ಒಲೆಯ ಮುಂದೆ ಹಿಟ್ಟು ನಾದಲು ಕೂತಳು. ಇಬ್ಬರೂ ಕೂಡಿ ಒಂದೇ ಎಡೆ ಮಾಡಿದರು, ಕಾಡವ್ವನಿಗೆ ಸೇರುತ್ತಿದ್ದ ಪುಂಡಿಪಲ್ಯ ಮಾಡಿದರು. ಗುಂಡಿಯಿಂದ ಬಂದು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಮೈಲಾರಲಿಂಗ ತಮ್ಮನ ತಟ್ಟೆಗೆ ತಾನೇ ತುಪ್ಪ ಹಾಕಿದ. ಮುಗಿಯಿತು, ಇನ್ನು ಆ ಹಾಳು ಒಲೆ ಕೆಡವಿದರಾಯಿತು ಎಂದುಕೊಂಡಳು ಪ್ರಮಿಳಾ.

ಕೈ ತೊಳೆಯುವ ಹೊತ್ತಿಗೆ ಹಣಮಪ್ಪ ಬಂದ. ಸಮಾಧಾನದ ಮಾತು ಆಡಿ, ಹೊರಡುವಾಗ ಮೈಲಾರಲಿಂಗನನ್ನು ಬದಿಗೆ ಕರೆದ. ಪ್ರಮಿಳಾಗೆ ಎಲ್ಲ ಕೇಳುತ್ತಿತ್ತು. "ವರ್ಷ ತುಂಬೂತನಾ ಹುಡುಗರ ನೌಕರಿ ಕಚ್ಚಾ ಇರತಾವ. ಒಲಿ ಕೂಡಿಸಿದ್ದು ಗೊತ್ತಾತಂದ್ರ ಎರಡೂ ಹೋಗ್ತಾವ, ಹಳೇದೂ ಬಿಡೂದಿಲ್ಲ. ಮುದುಕಿ ಹೋದ್ಲು ಅಂತ ಗಡಬಡ ಮಾಡಬ್ಯಾಡ್ರಿ."

ಸಂಜೆ ಪ್ರಮಿಳಾ ಒಲೆ ಹೊತ್ತಿಸಿದಳು. ನಡುವಿನ ಬಾಗಿಲು ತೆರೆದೇ ಇತ್ತು. ಅಲ್ಲಿ ಅನುರಾಧಾ ಬಂದು ನಿಂತಳು. ಅವಳ ಕೈಯಲ್ಲಿ ಕಬ್ಬಿಣದ ಸೌಟಿತ್ತು.

"ಅಕ್ಕಾ, ಕೆಂಡ ಕೊಡು."

"ಕಡ್ಡಿಪೆಟಗಿ ಇಲ್ಲೇನು?"

"ಐತಿ." ಅನುರಾಧಾ ಹೊಸ್ತಿಲು ದಾಟಲಿಲ್ಲ. "ಜಗಲಿ ಮ್ಯಾಲಿನ ಭಂಡಾರನೂ ತಗೊಂಡ ಬಾ. ಮನಿಗೆ ಹಿರೇಕಿ ಈಗ ನೀನs ಅಲ್ಲ?"

"ವರ್ಷ ಆದ ಮ್ಯಾಲ ಕೆಡವೂಣ ಅನೂ. ಭಂಡಾರ ಬಿದ್ರ ಮತ್ತ ಕೂಡಾಕ ಬರೂದಿಲ್ಲ."

"ಗೊತ್ತೈತಿ."

"ಮತ್ಯಾಕ?"

"ಸುಳ್ಳ ಒಲಿದು ಒಬ್ಬರು ಉಣ್ಣಲಾರದ ಸತ್ತರು. ನನ್ನ ಮಗಳು ಅದರದ್ದು ವರ್ಷಾನುಗಟ್ಟಲೆ ಹೆಂಗ ಉಣ್ಣಬೇಕಕ್ಕಾ? ಖರೇನ ಮಾಡಿಬಿಡು."

ಪ್ರಮಿಳಾ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಆಮೇಲೆ ಸೌಟು ಇಸಿದುಕೊಂಡು ಒಲೆಯೊಳಗಿನ ಕೆಂಡ ತುಂಬಿಸಿದಳು. ಜಗಲಿಯಿಂದ ಭಂಡಾರದ ಬಟ್ಟಲು ಇಳಿಸಿದಳು. ಮರಿ ಕಟ್ಟುವ ಕೋಣೆಯಲ್ಲಿ, ತಾನೇ ತುಳಿದ ಮಣ್ಣಿನ, ತಾನೇ ಹಾಕಿದ ಒಲೆಗೆ ಕೆಂಡ ಸುರಿದು ಒಂದು ಚಿಟಿಕೆ ಭಂಡಾರ ಹಾಕಿದಳು. ಅರ್ಧ ನೆಲದ ಮೇಲೆ ಬಿತ್ತು. ಮನಿಷಾ ಹಾಲಿನ ಪಾತ್ರೆ ಇಟ್ಟಳು. ಹಾಲು ಉಕ್ಕಿ ಬೆಂಕಿಗೆ ಬಿದ್ದು ಚುರ್ ಎಂದಿತು. ಅನುರಾಧಾ ಬಗ್ಗಿ ಅಕ್ಕನ ಕಾಲು ಮುಟ್ಟಿದಳು. ಇಬ್ಬರೂ ಅಳಲಿಲ್ಲ, ಅದೇ ದೊಡ್ಡದು.

ಮರಳಿ ಬಂದು ಪ್ರಮಿಳಾ ರೊಟ್ಟಿ ಬಡಿದಳು. ಮೈಲಾರಲಿಂಗನೂ ಅಮರನೂ ತಟ್ಟೆಯ ಮುಂದೆ ಕೂತರು. ಮಧ್ಯಾಹ್ನದಂತೆಯೇ ಮೈಲಾರಲಿಂಗ ಬಾಜುವಿನಲ್ಲಿ ಜಾಗ ಬಿಟ್ಟು ಕೂತಿದ್ದ. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, "ಯಲ್ಲೇಶ ಎಲ್ಲಿ ಅದಾನ? ಬರಲಿಲ್ಲಲ್ಲ?" ಎಂದ.

"ಉಣ್ರಿ ನೀವು," ಎಂದಳು ಪ್ರಮಿಳಾ. "ಅವರು ಅವರ ಮನಿಯಾಗ ಉಣ್ತಾರ."